ಸುಣ್ಣದ ತಪ್ಪು, ಸೊಸೆಗೆ ಬೈಗಳು

ಗೀಸರ್ ಕೆಟ್ಟಿತೆಂದರೆ ಮನೆಯವರ ಕಣ್ಣೆಲ್ಲ ಹೆಣ್ಣುಮಕ್ಕಳ ಮೇಲೆಯೇ ಹೊರಳುವುದೇಕೆ? "ಬಂದ್ ಮಾಡೂದು ಮರ್ತಿರಬೇಕು" ಎನ್ನುತ್ತಾರೆ ಯಜಮಾನರು. ರಿಪೇರಿಯ ಹುಡುಗನೂ "ಹೌದ್ರಿ ಸರ" ಎಂದು ತಲೆಯಾಡಿಸುತ್ತಾನೆ. ಹಾಗಾದರೆ ನೀರು ಕಾದೊಡನೆ ತಾನೇ ಕರೆಂಟು ಕಡಿಯುವ ಥರ್ಮೋಸ್ಟ್ಯಾಟ್ ಅದರಲ್ಲಿರುವುದು ಯಾತಕ್ಕೆ?

ಬಾಗಲಕೋಟೆಯ ನೆಲದಲ್ಲಿ ಸಿಮೆಂಟ್ ಕಾರ್ಖಾನೆ ನಡೆಸುವಷ್ಟು ಸುಣ್ಣದಕಲ್ಲಿದೆ. ಅತ್ತ ಹುನಗುಂದ, ಇಳಕಲ್ಲಿನ ಕಡೆಗೂ ಬೋರಿನ ನೀರು ಗಡಸೇ. ಬೇಳೆ ಬೇಯದು, ಸಬಕಾರ ನೊರೆಯಾಗದು. ಒಲೆಯ ಮುಂದೆ ನಿಂತವರಿಗೆ ಇದು ಗೊತ್ತು. ಅಂಥ ನೀರು ಕಾದಾಗ ಅದರೊಳಗಿನ ಸುಣ್ಣದ ಅಂಶ ಕಾಯಿಲಿಗೆ ಹಕ್ಕಳೆಗಟ್ಟುತ್ತದೆ. ಶಾಖ ನೀರಿಗೆ ದಾಟದೆ ಕಾಯಿಲ್ ತಾನೇ ಸುಟ್ಟುಹೋಗುತ್ತದೆ. ತಾಮ್ರದ ಹಂಡೆಗೂ ಹೀಗೇ ಕಟ್ಟುತ್ತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆವು. ಗೀಸರಿನೊಳಗೆ ಯಾರ ಕೈ ಹೋದೀತು?

ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 600ರ ತನಕ ಎನ್ನುತ್ತದೆ ಭಾರತೀಯ ಮಾನಕ. ನಿಮ್ಮ ಮನೆಯ ನೀರೆಂಥದು ಎಂದು ಕೇಳಿ ಗೀಸರ್ ಮಾರಿದ ಅಂಗಡಿಯವರನ್ನು ನಾನಂತೂ ಕಂಡಿಲ್ಲ.

ಮಾತು ಬರೀ ದುಡ್ಡಿನದಲ್ಲ. ಕಾಯಿಲ್ ಒಡೆದರೆ ಕರೆಂಟು ನೀರಿಗೇ ಇಳಿಯಬಹುದು. ಅರ್ಥಿಂಗ್ ಇಲ್ಲದ ಬಚ್ಚಲಲ್ಲಿ ಅದು ಜೀವಕ್ಕೇ ಕುತ್ತು. ನಸುಕಿನಲ್ಲಿ ಮೊದಲು ನಳ ತಿರುವುವ ಕೈ ನಮ್ಮದೇ ಅಲ್ಲವೇ?

ಆದ್ದರಿಂದ ತಂಗಿಯರೇ, ಬೈಗಳು ತಿಂದು ಸುಮ್ಮನಿರಬೇಡಿ. ಹೊಸ ಗೀಸರಿಗಿಂತ ಮೊದಲು ಅರ್ಥಿಂಗ್ ನೋಡಿಸಿ, ಇಎಲ್‌ಸಿಬಿ ಹಾಕಿಸಿ ಎಂದು ಹಟ ಹಿಡಿಯಿರಿ. ವರ್ಷಕ್ಕೊಮ್ಮೆ ಮೇನ್ ಬಂದ್ ಮಾಡಿಸಿ, ಬಲ್ಲವರಿಂದ ಬಿಚ್ಚಿಸಿ ಸುಣ್ಣ ತೆಗೆಸಿರಿ. ನೀರನ್ನು ಕುದಿಯುವಷ್ಟು ಕಾಯಿಸಬೇಡಿ. ಕಾವು ಹೆಚ್ಚಿದಷ್ಟೂ ಹಕ್ಕಳೆ ಹೆಚ್ಚು.

ಸೊಸೆಯನ್ನು ಬೈದರೆ ಸುಣ್ಣ ಕರಗುವುದಿಲ್ಲ.