ನಕಾಶೆಯ ದಾರಿ ನೆಲದ ಮೇಲೂ ಇರಲಿ

ಧಾರವಾಡ ಜಿಲ್ಲೆಯ ಪಡುವಣ ಅಂಚಿನಲ್ಲಿ ಸುರಿದ ಮಳೆ ಬೇಡ್ತಿ ಹಳ್ಳ ಸೇರಿ, ಯಲ್ಲಾಪುರದ ಕಾಡು ಹಾದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಅದೇ ದಿನ ಕುಂದಗೋಳದ ಎರಿ ಹೊಲಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳದ ಪಾಲಾಗಿ, ನವಲಗುಂದ ತಾಲ್ಲೂಕು ದಾಟಿ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಮುಟ್ಟುತ್ತದೆ. ಬಸ್ಸಿನಲ್ಲಿ ಕೆಲವೇ ತಾಸುಗಳಲ್ಲಿ ದಾಟಿಬಿಡಬಹುದಾದ ಜಿಲ್ಲೆಯೊಳಗೇ ಎರಡು ಕಡಲುಗಳ ನೀರು ಬೇರೆಯಾಗುತ್ತದೆ. ಮಲೆನಾಡಿನ ಸೆರಗು, ಮಸಾರಿ ನೆಲ, ಎರಿ ಬಯಲು ಇಲ್ಲಿ ಅಕ್ಕಪಕ್ಕದಲ್ಲೇ ಇವೆ. ಇದನ್ನು ನೋಡಲು ಗುಡ್ಡ ಹತ್ತಬೇಕಾಗಿಲ್ಲ. ಬೆಳಗಿನ ಎರಡು ಮೂರು ತಾಸು ಬಿಡುವಿದ್ದರೆ ಸಾಕು.

ಆದರೂ ರವಿವಾರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕಾರುಗಳು ದಾಂಡೇಲಿ, ಜೋಗ, ಗೋವೆಯ ಹಾದಿ ಹಿಡಿಯುತ್ತವೆ. ಬೆಂಗಳೂರಿನವರು ಪಶ್ಚಿಮ ಘಟ್ಟದ ಶಿಖರಗಳಿಗೆ ಮುಗಿಬೀಳುತ್ತಾರೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ಬಂದು ಸಾಲುಗಟ್ಟಿ ನಿಂತದ್ದು, ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದೆ ಚಾರಣ ಕೂಡದೆಂದು ಸರ್ಕಾರ ತಡೆ ಹಾಕಿದ್ದು ಇನ್ನೂ ನೆನಪಿನಿಂದ ಮಾಸಿಲ್ಲ. ನಡಿಗೆ ಎಂದರೆ ಶಿಖರ, ಜಲಪಾತ, ಫೋಟೊ ಎಂಬ ಕಲ್ಪನೆ ಬೇರೂರಿದೆ. ವಯಸ್ಸಾದವರು, ಸಣ್ಣ ಮಕ್ಕಳು, ಮೊಣಕಾಲು ನೋವಿನವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರಿಗೆ ಬೇಕಾದ ಸಪಾಟು ನೆಲ, ಕೆರೆ ದಂಡೆ, ಹಳೆಯ ಕಲ್ಲು, ಅಡವಿಯ ಅಂಚು ಎಲ್ಲವೂ ಧಾರವಾಡದ ಹಳ್ಳಿಗಾಡಿನಲ್ಲಿವೆ. ಇವುಗಳನ್ನು ಒಂದಕ್ಕೊಂದು ಕೂಡಿಸುವ, ನೆಮ್ಮದಿಯಿಂದ ಕಾಲಿಡಬಹುದಾದ ದಾರಿ ಮಾತ್ರ ಇಲ್ಲ. ಸರಿಯಾಗಿ ಹೇಳಬೇಕೆಂದರೆ, ಇದ್ದ ದಾರಿಯನ್ನು ಮುಚ್ಚಿಹೋಗಲು ಬಿಡಲಾಗಿದೆ.

ಅಣ್ಣಿಗೇರಿಯನ್ನೇ ನೋಡಿ. ಹುಬ್ಬಳ್ಳಿ-ಗದಗ ರೈಲು ಮಾರ್ಗದಲ್ಲಿರುವ ಊರು. ರೈಲಿಳಿದು ನಡೆದೇ ಊರೊಳಗೆ ಹೋಗಬಹುದು. ಬೆಳವೊಲ ಮುನ್ನೂರರ ರಾಜಧಾನಿಯಾಗಿದ್ದ, ಕಲ್ಯಾಣ ಚಾಲುಕ್ಯರ ನಾಲ್ಕನೇ ಸೋಮೇಶ್ವರ ತನ್ನ ಕೊನೆಯ ದಿನಗಳಲ್ಲಿ ನೆಲೆ ಮಾಡಿಕೊಂಡಿದ್ದ, ಆದಿಕವಿ ಪಂಪನ ಹೆಸರಿನೊಂದಿಗೆ ಬೆಸೆದುಕೊಂಡ ಊರು ಇದು. ಇಲ್ಲಿನ ಅಮೃತೇಶ್ವರ ದೇವಾಲಯ ಕಟ್ಟಿದ್ದು 1050ರಲ್ಲಿ. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಪರಂಪರೆ ಬಳಪದ ಕಲ್ಲಿಗೆ ಹೊರಳಿದ್ದು ಈ ಗುಡಿಯಿಂದ ಎಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಮೆದುವಾದ ಆ ಕಲ್ಲು ಉಳಿಗೆ ಸುಲಭವಾಗಿ ಮಣಿಯುತ್ತದೆ. ಮುಂದೆ ಲಕ್ಕುಂಡಿಯ ಕುಸುರಿ, ಅದರಾಚೆ ಬೇಲೂರು-ಹಳೇಬೀಡಿನ ಕುಸುರಿ ಸಾಧ್ಯವಾದದ್ದು ಇದೇ ಜಾತಿಯ ಕಲ್ಲಿನಿಂದ. ಗುಡಿಯ 76 ಕಂಬಗಳ ನಡುವೆ ಕುಳಿತು ಒಂದು ಕಂಬದ ಮೇಲೆ ಕೈಯಾಡಿಸಿದರೆ, ತಿಗರಿಗೆ ಹಾಕಿ ತಿರುಗಿಸಿದಂತೆ ನುಣುಪಾದ ಅದರ ಬಳೆಗಳು ಬೆರಳಿಗೆ ತಾಗುತ್ತವೆ. ಇಂಥ ಗುಡಿ ನೋಡಿ ಅರ್ಧ ತಾಸಿನಲ್ಲಿ ಬಸ್ ಹತ್ತುವುದು ಊರಿಗೂ ಬಂದವರಿಗೂ ನಷ್ಟ. ಗುಡಿಯಿಂದ ಬಸದಿಗೆ, ಬಸದಿಯಿಂದ ಕೆರೆಗೆ, ಕೆರೆಯಿಂದ ಹೊಲಗಳ ನಡುವಿನ ಗಾಡಿದಾರಿಗೆ ಒಂದು ಸುತ್ತು ಇದ್ದರೆ ಅರ್ಧ ದಿನ ಹೇಗೆ ಕಳೆಯಿತೆಂಬುದೇ ತಿಳಿಯುವುದಿಲ್ಲ. 2010ರಲ್ಲಿ ಇದೇ ಊರಿನಲ್ಲಿ ಚರಂಡಿ ಅಗೆಯುವಾಗ ಸಾಲಾಗಿ ಜೋಡಿಸಿಟ್ಟ ನೂರಾರು ತಲೆಬುರುಡೆಗಳು ಸಿಕ್ಕವು. ಅಣ್ಣಿಗೇರಿಯ ನೆಲದ ಕೆಳಗೆ ಏನೇನಿದೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ.

ಚಳಿಗಾಲದ ಬೆಳಿಗ್ಗೆ ಆ ಗಾಡಿದಾರಿ ಹಿಡಿಯಬೇಕು. ಹಿಂಗಾರಿನ ಕಡಲೆ ಹೊಲದ ಬದುವಿನ ಮೇಲೆ ನಡೆದರೆ ಗಿಡದ ಮೇಲಿನ ಇಬ್ಬನಿ ಕಾಲಿಗೆ ಹತ್ತುತ್ತದೆ; ಅದರಲ್ಲಿ ಕಡಲೆ ಎಲೆಯ ಹುಳಿ ಸೇರಿರುತ್ತದೆ. ಕಾಲಿನ ಮೇಲೆ ತರಚುಗಾಯವಿದ್ದರೆ ಚುರುಗುಟ್ಟುತ್ತದೆ. ಹಿಂದಿನವರು ರಾತ್ರಿ ಹೊಲದ ಮೇಲೆ ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ ಆ ಹುಳಿಯನ್ನು ಔಷಧಕ್ಕೆಂದು ತೆಗೆದಿಡುತ್ತಿದ್ದರು. ಬಿಳಿಜೋಳದ ತೆನೆ ಹಾಲುಗಟ್ಟುವ ದಿನಗಳಲ್ಲಿ ಹೊಲದಲ್ಲೇ ಸೀತನಿ ಸುಡುತ್ತಾರೆ. ಜೋಳ, ಕುಸುಬಿ, ಗೋಧಿಯ ನಡುವೆ ದೂರದಲ್ಲಿ ಚಿಗರಿಗಳ ಹಿಂಡು ತಲೆಯೆತ್ತಿ ನೋಡಿ ಒಂದೇ ನೆಗೆತಕ್ಕೆ ಮಾಯವಾಗುವುದೂ ಉಂಟು. ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟವರು, ನಿಜವಾದ ಚಿಗರಿ ಓಡುವ ಹೊಲಗಳನ್ನು ಮಕ್ಕಳಿಗೆ ತೋರಿಸುವ ಏರ್ಪಾಟನ್ನೂ ಮಾಡಬೇಕಿತ್ತು.

ಕುಂದಗೋಳವೂ ರೈಲು ನಿಲ್ಲುವ ಊರೇ, ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್. ಸವಾಯಿ ಗಂಧರ್ವರು (1886–1952) ಹುಟ್ಟಿ ಬೆಳೆದ ಈ ಊರಿಗೆ ಗಂಗೂಬಾಯಿ ಹಾನಗಲ್ ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಉಳಿದು, ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು. ಚಾಲುಕ್ಯ ಶೈಲಿಯ ಶಂಭುಲಿಂಗ ದೇವಾಲಯ, ನಾಡಗೀರ ವಾಡೆ ಇವೆರಡನ್ನೂ ಒಂದೇ ನಡಿಗೆಯಲ್ಲಿ ನೋಡಬಹುದು. ವಾಡೆಯ ಭಾಗ್ಯ ದೊಡ್ಡದು. ಅಲ್ಲಿ ಇಂದಿಗೂ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೆಯುತ್ತದೆ, ಅಹೋರಾತ್ರಿ ಹಾಡು ಕೇಳಲು ಜನ ಸೇರುತ್ತಾರೆ. ಬಳಕೆಯಲ್ಲಿರುವ ಕಟ್ಟಡ ಬಾಳುತ್ತದೆ ಎಂಬುದಕ್ಕೆ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಉಳಿದ ವಾಡೆಗಳಿಗೆ ಆ ಭಾಗ್ಯವಿಲ್ಲ. ಕಿತ್ತೂರಿನ ಕೋಟೆಗೆ 1824ರ ಚರಿತ್ರೆಯ ಬಲವಿದೆ, ಉತ್ಸವವಿದೆ, ವಸ್ತುಸಂಗ್ರಹಾಲಯವಿದೆ. ಆದರೆ ಧಾರವಾಡದ ಬಯಲು ಸೀಮೆಯ ಹಳ್ಳಿಗಳಲ್ಲಿ ಚದುರಿ ನಿಂತ ಅಗಸಿ ಬಾಗಿಲು, ಹುಡೇವು, ದೇಸಗತಿಯ ವಾಡೆಗಳನ್ನು ಕೇಳುವವರಿಲ್ಲ. ಪಿಂಡಾರಿಗಳ ದಾಳಿಯ ಕಾಲದಲ್ಲಿ ಊರಿನ ಕಾವಲಿಗೆ ಹುಡೇವೇ ಕೋಟೆ. ಈಗ ಅದರ ಕಲ್ಲು ಕಿತ್ತು ಮನೆಯ ಅಡಿಪಾಯಕ್ಕೆ ಹಾಕುತ್ತಾರೆ. ತಪ್ಪು ಕಲ್ಲು ಒಯ್ದವನದ್ದು ಮಾತ್ರವಲ್ಲ. ಆ ಗೋಡೆ ನೋಡಲು ಹೊರಗಿನಿಂದ ಯಾರೂ ಬಾರದಿದ್ದಾಗ ಅದಕ್ಕೊಂದು ಬೆಲೆಯಿದೆ ಎಂದು ಊರಿಗೆ ಗೊತ್ತಾಗುವುದಾದರೂ ಹೇಗೆ?

ನವಲಗುಂದದಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಶಿರಸಂಗಿ-ನವಲಗುಂದ ದೇಸಗತಿಯ ಆಸ್ತಿಯನ್ನು ಬಡ ಮಕ್ಕಳ ಶಿಕ್ಷಣಕ್ಕೆ ಧಾರೆಯೆರೆದ ತ್ಯಾಗವೀರ ಲಿಂಗರಾಜರ (1861–1906) ಹೆಸರು ಹೇಳದೆ ಉತ್ತರ ಕರ್ನಾಟಕದ ಶಿಕ್ಷಣದ ಕಥೆ ಪೂರ್ತಿಯಾಗುವುದಿಲ್ಲ. ಹೆಂಗಸರೇ ಮಗ್ಗದ ಮುಂದೆ ಕುಳಿತು ನೇಯುವ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಊರಿಗೆ ಕುಡಿಯುವ ನೀರು ಕೊಟ್ಟ ನೀಲಮ್ಮನ ಕೆರೆಯ ಏರಿ ಇದೆ. ಅಲ್ಲಿಂದ ಆಚೆಗೆ ಯಮನೂರು. ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರನಾಗಿ ಒಬ್ಬನೇ ಸಂತ ಇಬ್ಬರಿಂದಲೂ ಪೂಜೆ ಪಡೆಯುವ ಬೆಣ್ಣೆಹಳ್ಳದ ದಂಡೆಯ ಕ್ಷೇತ್ರ. ಮಲಪ್ರಭಾ ಕಾಲುವೆಯ ದಂಡೆಗಳಂತೂ ಸಪಾಟಾಗಿ ಮೈಲುಗಟ್ಟಲೆ ಸಾಗುತ್ತವೆ. ಆ ದಂಡೆಯ ಮೇಲೆ ನಡೆಯುವವರು 1980ರ ಜುಲೈ 21ನ್ನು ಮರೆಯುವಂತಿಲ್ಲ. ಕಾಲುವೆ ನೀರೇ ಸರಿಯಾಗಿ ಬಾರದ ಹೊಲಗಳಿಗೂ ಅಭಿವೃದ್ಧಿ ಕರ ಹೇರಿದ್ದನ್ನು ವಿರೋಧಿಸಿ ಸೇರಿದ ರೈತರ ಮೇಲೆ ಅಂದು ನವಲಗುಂದದಲ್ಲಿ ಗುಂಡು ಹಾರಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ತೆತ್ತರು. ರಾಜ್ಯದ ರೈತ ಚಳವಳಿಗೆ ಕಿಚ್ಚು ಹತ್ತಿದ್ದು ಆ ದಿನ. ಇದೆಲ್ಲ ಒಂದು ಬೆಳಗಿನ ನಡಿಗೆಯ ಅಳತೆಯಲ್ಲಿದ್ದರೂ, ಹೊರಗಿನಿಂದ ಬಂದವನಿಗೆ ದಾರಿ ತೋರುವ ಒಂದು ಫಲಕವೂ ಸಿಗುವುದು ಕಷ್ಟ.

ಕಲಘಟಗಿಗೆ ಬಂದರೆ ನೋಟವೇ ಬದಲು. ಭತ್ತದ ಗದ್ದೆ, ಸಾಗವಾನಿ, ಮತ್ತಿ, ಬಿದಿರು. ಹುಬ್ಬಳ್ಳಿಗೆ ನೀರು ಕೊಡಲೆಂದು 1950ರ ದಶಕದಲ್ಲಿ ಬೇಡ್ತಿಗೆ ಅಡ್ಡಲಾಗಿ ಕಟ್ಟಿದ ನೀರಸಾಗರ, ದೇವಿಕೊಪ್ಪದ ಅಡವಿ, ತಂಬೂರಿನ ಬಸವಣ್ಣನ ಗುಡಿ, ಬಣ್ಣದ ತೊಟ್ಟಿಲು ಮಾಡುವ ಚಿತ್ರಗಾರರ ಮನೆಗಳು ಒಂದು ದಿನದ ಸುತ್ತಾಟಕ್ಕೆ ಧಾರಾಳ. ಇಲ್ಲಿ ಒಂದು ಎಚ್ಚರ ಬೇಕು. ಭತ್ತ, ಕಬ್ಬು ಬಲಿಯುವ ಕಾಲಕ್ಕೆ ಯಲ್ಲಾಪುರ, ಮುಂಡಗೋಡದ ಕಡೆಯಿಂದ ಆನೆಗಳು ಬರುವುದುಂಟು. ಆದ್ದರಿಂದ ಅರಣ್ಯ ಇಲಾಖೆ ಗುರುತಿಸಿಕೊಟ್ಟ ಅಂಚಿನ ದಾರಿಗಳಲ್ಲಿ, ಸ್ಥಳೀಯರ ಜೊತೆಗೆ, ಹಗಲಿನಲ್ಲಷ್ಟೇ ನಡೆಯಬೇಕು. ಅಡವಿಯ ಒಳಕ್ಕೆ ಹೊಸ ದಾರಿ ಕಡಿಯುವುದನ್ನು ಯಾರೂ ಕೇಳಬಾರದು. ಕೇಳಿದರೂ ಇಲಾಖೆ ಕೊಡಬಾರದು.

ಹಾಗಾದರೆ ದಾರಿ ಎಲ್ಲಿಂದ ತರುವುದು? ತಹಶೀಲ್ದಾರ ಕಚೇರಿಯ ಕಪಾಟಿನಿಂದ. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಮೇಲ್ವಿಚಾರಣೆಯಲ್ಲಿ ಈ ಭಾಗದ ಹೊಲಗಳ ಮೋಜಣಿ ನಡೆಯಿತು. ಅಂಥ ಮೋಜಣಿಗಳಿಂದ ಬೆಳೆದು ಬಂದ ಗ್ರಾಮ ನಕಾಶೆಗಳಲ್ಲಿ ಸರ್ವೆ ನಂಬರುಗಳ ನಡುವೆ ಕಾಲುದಾರಿ, ಬಂಡಿದಾರಿ, ಹಳ್ಳ, ಕೆರೆ ಎಲ್ಲವೂ ಗೆರೆಗಳಾಗಿ ದಾಖಲಾಗಿವೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳು ಸರ್ಕಾರದ ಸ್ವತ್ತು. ಒತ್ತುವರಿಯಾದ, ಮುಚ್ಚಿಹೋದ ನಕಾಶೆಯ ದಾರಿಗಳನ್ನು ತೆರವು ಮಾಡಿಸಿಕೊಡುವಂತೆ ಕಂದಾಯ ಇಲಾಖೆ 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆಯನ್ನೂ ಕಳಿಸಿತು. ಉದ್ಯೋಗ ಖಾತರಿಯ ಹಣದಲ್ಲಿ ಹೊಲಕ್ಕೆ ದಾರಿ ಮಾಡುವ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಯೋಜನೆಯನ್ನೂ ರಾಜ್ಯ ಕಂಡಿದೆ. ಕಾನೂನು, ನಕಾಶೆ, ಮಾದರಿ ಮೂರೂ ಕೈಯಲ್ಲಿವೆ. ಇವುಗಳನ್ನು ರೈತನ ಚಕ್ಕಡಿ, ಟ್ರ್ಯಾಕ್ಟರಿನ ಜೊತೆಗೆ ನಡೆಯುವವರನ್ನೂ ಮನಸ್ಸಿನಲ್ಲಿಟ್ಟು ಬಳಸಬೇಕು, ಅಷ್ಟೇ.

ಇಂಗ್ಲೆಂಡಿನ ಹಳ್ಳಿಗಾಡಿನ ನಡಿಗೆ ಇಂದು ಜಗತ್ತಿಗೇ ಪರಿಚಿತ. ಅಲ್ಲೂ ಅದು ತಾನಾಗಿ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಲಿನ ನೂರಾರು ಕಾರ್ಮಿಕರು ಜಮೀನುದಾರರ ನಿಷೇಧ ಮುರಿದು ಕಿಂಡರ್ ಸ್ಕೌಟ್ ಗುಡ್ಡಕ್ಕೆ ನಡೆದರು. ಐವರು ಜೈಲಿಗೂ ಹೋದರು. 1949ರ ಕಾಯ್ದೆ ಬಂದ ಮೇಲೆ ಪ್ರತಿ ಕೌಂಟಿಯೂ ತನ್ನ ಸಾರ್ವಜನಿಕ ಕಾಲುದಾರಿಗಳನ್ನು ಅಧಿಕೃತ ನಕಾಶೆಯಲ್ಲಿ ಗುರುತಿಸಬೇಕಾಯಿತು. ಖಾಸಗಿ ಹೊಲದ ನಡುವೆ ಹಾದರೂ ಆ ದಾರಿಯನ್ನು ಯಾರೂ ಮುಚ್ಚುವಂತಿಲ್ಲ; ನಡೆಯುವವನೂ ದಾರಿ ಬಿಟ್ಟು ಬೆಳೆ ತುಳಿಯುವಂತಿಲ್ಲ. ಕಾಡು, ನದಿ, ಪಾಳುಬಿದ್ದ ಕೋಟೆಗಳನ್ನು ಸುತ್ತಿ ಬರುವ ಅವರ ಸರಳ ನಡಿಗೆಗಳೆಲ್ಲ ನಿಂತಿರುವುದು ಈ ಎರಡು ಕಟ್ಟುಪಾಡುಗಳ ಮೇಲೆ.

ಇಲ್ಲಿನ ರೈತನಿಗೆ ಆತಂಕ ಇರುವುದು ಸಹಜ. ಪೇಟೆಯವರು ಬಂದು ಕಡಲೆ ಕಿತ್ತಾರು, ಬಾಟಲಿ ಒಡೆದಾರು, ಹೆಂಗಸರು ಕೆಲಸ ಮಾಡುವಲ್ಲಿ ಮೊಬೈಲ್ ಹಿಡಿದು ನಿಂತಾರು ಎಂಬ ಅಂಜಿಕೆಗೆ ಕಾರಣವಿದೆ. ಧಾಬಾಗಳ ಹಿಂದಿನ ಹೊಲಗಳಲ್ಲಿ ಗಾಜಿನ ಚೂರು ಆರಿಸುವವನು ಅವನೇ. ಹಾಗಾಗಿ ದಾರಿ ಗುರುತಿಸುವ ಕೆಲಸ ಗ್ರಾಮಸಭೆಯಲ್ಲೇ ಆಗಬೇಕು. ಯಾವ ದಾರಿ ತೆರೆಯಬೇಕು, ಯಾವ ತಿಂಗಳು ಮುಚ್ಚಬೇಕು ಎಂದು ಊರವರೇ ಹೇಳಲಿ. ಮಳೆಗಾಲದಲ್ಲಿ ಹೇಗೂ ಎರಿ ಮಣ್ಣು ಚಪ್ಪಲಿಗೆ ಅಂಟಿ ಹೆಜ್ಜೆ ಎತ್ತಲು ಬಿಡುವುದಿಲ್ಲ, ಬೆಣ್ಣೆಹಳ್ಳ ಹೇಳದೆ ಕೇಳದೆ ಉಕ್ಕುತ್ತದೆ. ನವೆಂಬರಿನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳು ಸಾಕು. ನಡೆದು ಬಂದವರಿಗೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಹಿಟ್ಟಿನ ಪಲ್ಲೆ, ಶೇಂಗಾ ಚಟ್ನಿ ಬಡಿಸಿ ನಾಲ್ಕು ಕಾಸು ಗಳಿಸಲಿ. ರೆಸಾರ್ಟು ಕಟ್ಟಿದರೆ ಹಣ ಒಬ್ಬನ ಜೇಬಿಗೆ ಹೋಗುತ್ತದೆ. ದಾರಿ ತೆರೆದರೆ ಊರಿನ ನಾಲ್ಕು ಮನೆಗೆ ಹಂಚಿಹೋಗುತ್ತದೆ.

ಹೊಲದ ದಾರಿಯಲ್ಲಿ ನಡೆಯುವುದು ಈ ಸೀಮೆಗೆ ಹೊಸದೂ ಅಲ್ಲ. ಶೀಗಿ ಹುಣ್ಣಿಮೆಗೆ, ಎಳ್ಳಮಾಸಿಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಉಳವಿ ಚನ್ನಬಸವಣ್ಣನ ಜಾತ್ರೆಗೆ ಚಕ್ಕಡಿಗಳ ಜೊತೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ನಡೆಯುವವರು ಈಗಲೂ ಇದ್ದಾರೆ.

ಧಾರವಾಡ ಜಿಲ್ಲಾಡಳಿತ ಮತ್ತು ಜಿಲ್ಲಾ ಪಂಚಾಯಿತಿ ಈ ಹಿಂಗಾರಿನಲ್ಲೇ ಆರಂಭಿಸಬಹುದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳಲ್ಲಿ ಗ್ರಾಮ ನಕಾಶೆ ಬಿಚ್ಚಿ, ಒಂದೊಂದು ತಾಲ್ಲೂಕಿಗೆ ಒಂದೇ ಒಂದು ಸುತ್ತು ದಾರಿ ಆರಿಸಿ, ಜಾಲಿ ಕಂಟಿ ತೆರವು ಮಾಡಿಸಿ, ಕನ್ನಡದಲ್ಲಿ ಕಲ್ಲಿನ ಫಲಕ ನಿಲ್ಲಿಸಲಿ. ಹೊರಡುವ ಕಡೆ ಕುಡಿಯುವ ನೀರು, ಶೌಚಾಲಯ ಇರಲಿ. ಬೇರೆ ಅಲಂಕಾರ ಬೇಡ. ಶಾಲೆಗಳು ವಾರ್ಷಿಕ ಪ್ರವಾಸದ ಬಸ್ಸನ್ನು ಒಂದು ವರ್ಷ ದೂರದ ಊರಿನ ಬದಲು ಈ ದಾರಿಗಳಿಗೆ ತಿರುಗಿಸಲಿ. ಓದುಗರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಅಣ್ಣಿಗೇರಿಗೂ ಕುಂದಗೋಳಕ್ಕೂ ರೈಲಿದೆ. ಬರುವ ರವಿವಾರ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ, ಬೆಳೆ ತುಳಿಯದೆ ನಡೆದು, ಒಯ್ದ ಕಸವನ್ನು ಮರಳಿ ತನ್ನಿ.