ಬಣ್ಣದ ಮನೆಗಳ ಹಿಂದೆ ಭತ್ತದ ಗದ್ದೆ

ಅಮೆರಿಕದ ಚಾರ್ಲ್ಸ್‌ಟನ್ ನಗರದಲ್ಲಿ ಕಾರು ಓಡಿಸುತ್ತಾ ತೆಗೆದ ವೀಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ನಾವೂ ನೋಡಿದೆವು. ದಕ್ಷಿಣ ಕೆರೊಲಿನಾ ರಾಜ್ಯದ ಈ ಊರು ಹುಟ್ಟಿದ್ದು 1670ರಲ್ಲಿ. ಈಸ್ಟ್ ಬೇ ರಸ್ತೆಯಲ್ಲಿ ಸಾಲಾಗಿ 13 ಬಣ್ಣದ ಮನೆಗಳಿವೆ. ಆ ಸಾಲಿಗೆ 'ರೈನ್‌ಬೋ ರೋ' ಎಂದು ಹೆಸರು. ಮುಂದೆ ನೀರಿನ ದಂಡೆಯಲ್ಲಿ ದೊಡ್ಡ ದೊಡ್ಡ ಕಂಬಗಳ ಬಂಗಲೆಗಳು. ಕಣ್ಣಿಗೆ ಹಬ್ಬವೇ ಸರಿ.

ಆದರೆ ಆ ಊರಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು? ಬಹಳಷ್ಟು ಬಂದಿದ್ದು ಭತ್ತದಿಂದ. ಜೌಗು ನೆಲದ ಮರ ಕಡಿದು, ಒಡ್ಡು ಕಟ್ಟಿ, ಕೆಸರಿನಲ್ಲಿ ನಿಂತು ಬೆಳೆದವರು ಆಫ್ರಿಕಾದಿಂದ ಹಡಗಿನಲ್ಲಿ ತಂದ ಗುಲಾಮರು. ಅವರಲ್ಲಿ ಅನೇಕರು ಭತ್ತದ ಸೀಮೆಯಿಂದಲೇ ಬಂದವರು. ಕೆಲಸವೂ ಅವರದು, ತಿಳಿವಳಿಕೆಯೂ ಅವರದು; ಲಾಭ ಮಾತ್ರ ಒಡೆಯರದು. ಗದ್ದೆಗೆ ಇಳಿದು ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1856ರಲ್ಲಿ ನಗರದ ಆಡಳಿತ ಬೀದಿಯಲ್ಲಿ ಮನುಷ್ಯರನ್ನು ಹರಾಜು ಹಾಕುವುದನ್ನು ನಿಷೇಧಿಸಿತು. ಹರಾಜು ನಿಲ್ಲಲಿಲ್ಲ, ಗೋಡೆಯ ಒಳಗೆ ಹೋಯಿತು. ಚಾಲ್ಮರ್ಸ್ ರಸ್ತೆಯಲ್ಲಿದ್ದ ಅಂಥ ಒಂದು ಕಟ್ಟಡ ಈಗ ಮ್ಯೂಸಿಯಂ. ಗುಲಾಮರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡನ್ ಧಕ್ಕೆಯ ಜಾಗದಲ್ಲೂ 2023ರಲ್ಲಿ ಆಫ್ರಿಕನ್ ಅಮೆರಿಕನ್ನರ ಮ್ಯೂಸಿಯಂ ತೆರೆದಿದೆ.

ಊರಿನ ಅಂದ ನೋಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಬಂಗಲೆಗಳ ಮುಂದೆ ನಿಧಾನವಾಗುವ ಕಾರು ಈ ಎರಡು ಕಡೆ ನಿಲ್ಲದೇ ಹೋದರೆ, ಆ ಪ್ರವಾಸ ಅರ್ಧವಷ್ಟೇ ಆದಂತೆ. ಅಲ್ಲಿಗೆ ಹೋಗುವ ಮಕ್ಕಳು, ನೆಂಟರು ನಿಮಗಿದ್ದರೆ ಹೇಳಿ: ಅಲ್ಲಿ ಕಾರಿನಿಂದ ಇಳಿದು, ಒಳಗೆ ಹೋಗಿ ನೋಡಿ ಬರಲಿ.