ಮಧ್ಯಂತರದಲ್ಲಿ ಎದ್ದು ಹೋದವರಿಗೆ

ಹೋದ ತಿಂಗಳ ಎರಡನೇ ಶನಿವಾರ ನಮ್ಮ ಕಚೇರಿಯ ಮಾಳಿಗೆಯಲ್ಲಿ ಅಕಿರ ಕುರೊಸಾವಾನ ‘ದೆರ್ಸು ಉಜಾಲಾ’ ಹಾಕಿದ್ದೆವು. ಮೂವತ್ತು ಕುರ್ಚಿ ಇಟ್ಟಿದ್ದೆವು, ಇಪ್ಪತ್ತಮೂರು ತುಂಬಿದವು. ಖಾಂಕಾ ಸರೋವರದ ಹಿಮಗಾಳಿ ಪರದೆಯ ಮೇಲೆ ಬೀಸತೊಡಗಿದಾಗ ಹಿಂದಿನ ಸಾಲಿನಿಂದ ಯಾರೋ ಎದ್ದು ಫ್ಯಾನ್ ಆರಿಸಿದರು. ಕೋಣೆಯಲ್ಲಿ ಬೇಕಾದಷ್ಟು ಸೆಕೆಯಿತ್ತು. ಆದರೂ ಹಾಕಿ ಎಂದು ಒಬ್ಬರೂ ಹೇಳಲಿಲ್ಲ. ಆ ರಾತ್ರಿ ವ್ಯಕ್ತವಾದ ಅಭಿಪ್ರಾಯಗಳಲ್ಲಿ ನಾನು ತಕರಾರಿಲ್ಲದೆ ಒಪ್ಪಿದ್ದು ಅದೊಂದನ್ನೇ.

ಮಧ್ಯಂತರದಲ್ಲಿ ಚಹಾ ಕುಡಿದು ಆರು ಮಂದಿ ಮನೆಗೆ ಹೋದರು. ಮೆಟ್ಟಿಲಿಳಿಯುತ್ತ ಒಬ್ಬರು, ‘ಒಳ್ಳೇ ಸ್ನೇಹದ ಕಥೆ ಸಾರ್, ಮನಸ್ಸು ತುಂಬಿತು’ ಎಂದರು. ತಪ್ಪೇನಿಲ್ಲ. ಮೊದಲ ಭಾಗ ಮುಗಿಯುವುದೇ ಹಾಗೆ. ಹಿಮದಲ್ಲಿ ಹಾಸಿದ ರೈಲು ಹಳಿಯ ಬಳಿ ಇಬ್ಬರು ಬೀಳ್ಕೊಳ್ಳುತ್ತಾರೆ. ಒಬ್ಬ ‘ಕಪಿತಾನ್’ ಎಂದು ಕೂಗುತ್ತಾನೆ, ಇನ್ನೊಬ್ಬ ‘ದೆರ್ಸು’ ಎಂದು ಕೂಗುತ್ತಾನೆ. ಅಲ್ಲಿಗೇ ಎದ್ದರೆ ಇದು ಕಾಡಿನ ಮುದುಕನೊಬ್ಬ ಪಟ್ಟಣದ ಅಧಿಕಾರಿಯ ಜೀವ ಉಳಿಸಿದ ಕಥೆ. ಕೂತವರು ನೋಡಿದ್ದು ಬೇರೆಯದೇ ಚಿತ್ರ. ಈ ಟಿಪ್ಪಣಿ ಬರೆಯುತ್ತಿರುವುದು ಆ ಆರು ಜನರಿಗಾಗಿ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ವ್ಲಾದಿಮಿರ್ ಅರ್ಸೆನ್ಯೆವ್ ರಷ್ಯದ ಸೇನೆಯ ಅಧಿಕಾರಿ. ಕಳೆದ ಶತಮಾನದ ಆರಂಭದಲ್ಲಿ ದೂರಪ್ರಾಚ್ಯದ ಉಸ್ಸುರಿ ಪ್ರದೇಶವನ್ನು ಅಳೆದು ನಕ್ಷೆ ಮಾಡಲು ಹೋದವನು. ಅಲ್ಲಿ ಅವನಿಗೆ ಸಿಕ್ಕ, ಅವನನ್ನು ‘ಕಪಿತಾನ್’ ಎಂದು ಕರೆಯುವ ಬೇಟೆಗಾರ ದೆರ್ಸು. ಆಗ ಗೋಲ್ದಿ ಎಂದು ಕರೆಯುತ್ತಿದ್ದ, ಈಗ ನಾನಾಯ್ ಎನ್ನುವ ಬುಡಕಟ್ಟಿನವನು. ಸಿಡುಬಿಗೆ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಅರ್ಸೆನ್ಯೆವ್ ಬರೆದಿಟ್ಟ ಪುಸ್ತಕಗಳನ್ನು ಕುರೊಸಾವಾ ಯೌವನದಲ್ಲೇ ಓದಿದ್ದ. ಕಥೆಯನ್ನು ಜಪಾನಿನ ಹೊಕ್ಕೈಡೊಗೆ ತಂದು ಚಿತ್ರ ಮಾಡುವ ಯೋಚನೆಯೂ ಇತ್ತು. ಆ ಕಾಡು ಈ ನೆಲದಲ್ಲಿ ಬರುವುದಿಲ್ಲವೆಂದು ಕೈಬಿಟ್ಟ. ಕೊನೆಗೆ ಕರೆ ಬಂದದ್ದು ಮಾಸ್ಕೋದಿಂದ. ಅಷ್ಟರಲ್ಲಿ ಅವನ ಸ್ಥಿತಿ ಕೆಟ್ಟಿತ್ತು. 1970ರ ‘ದೊದೆಸ್ಕಾದೆನ್’ ನೆಲಕಚ್ಚಿತು, ಜಪಾನಿನಲ್ಲಿ ಹಣ ಹಾಕುವವರು ಇರಲಿಲ್ಲ, 1971ರ ಡಿಸೆಂಬರಿನಲ್ಲಿ ಆತ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದಿದ್ದ. ಅರವತ್ತನಾಲ್ಕರ ವಯಸ್ಸಿನಲ್ಲಿ, ತನ್ನದಲ್ಲದ ಭಾಷೆಯಲ್ಲಿ, ಮೈ ಕೊರೆಯುವ ಚಳಿಯಲ್ಲಿ ನಿಂತು ಈ ಚಿತ್ರ ತೆಗೆದ. ಜಪಾನೀ ಭಾಷೆಯಲ್ಲದೆ ಆತ ಮಾಡಿದ ಒಂದೇ ಚಿತ್ರ ಇದು, 70 ಎಂಎಂನಲ್ಲಿ ಮಾಡಿದ್ದೂ ಇದೊಂದೇ. 1975ರಲ್ಲಿ ಬಂತು. ಮರುವರ್ಷ ಸೋವಿಯತ್ ಒಕ್ಕೂಟಕ್ಕೆ ವಿದೇಶಿ ಚಿತ್ರದ ಆಸ್ಕರ್ ತಂದುಕೊಟ್ಟಿತು.

ಇನ್ನು ನೋಡುಗರ ಮಾತಿಗೆ ಬರುತ್ತೇನೆ.

ಬಹುತೇಕ ಎಲ್ಲರೂ ಹೇಳಿದ್ದು, ನಿಧಾನ. ನಿಧಾನವೇ, ಅದರಲ್ಲಿ ವಾದವಿಲ್ಲ. ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷದ ಚಿತ್ರದಲ್ಲಿ ಮುಖಗಳನ್ನು ಹತ್ತಿರದಿಂದ ತೋರಿಸುವುದೇ ಅಪರೂಪ. ಮನುಷ್ಯರು ಮರಗಳ ನಡುವೆ ಬೆರಳಿನಷ್ಟು ಕಾಣುತ್ತಾರೆ. ಕುರೊಸಾವಾನದೇ ‘ಸೆವೆನ್ ಸಮುರಾಯ್’ನ ವೇಗ ನಿರೀಕ್ಷಿಸಿ ಬಂದ ಹುಡುಗನೊಬ್ಬ ಅರ್ಧ ಗಂಟೆಗೇ ಫೋನ್ ತೆಗೆದ. ಹಿಮಗಾಳಿ ಶುರುವಾದ ಮೇಲೆ ಫೋನ್ ಜೇಬಿಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ.

ಆ ದೃಶ್ಯ ಹೀಗಿದೆ. ಹೆಪ್ಪುಗಟ್ಟಿದ ಸರೋವರ ನೋಡಲು ಹೋದ ಇಬ್ಬರ ಹೆಜ್ಜೆಗುರುತನ್ನು ಗಾಳಿ ಅಳಿಸಿಬಿಟ್ಟಿದೆ. ಹೊತ್ತು ಮುಳುಗುತ್ತಿದೆ. ರಾತ್ರಿ ಹೀಗೇ ಸಿಕ್ಕಿಕೊಂಡರೆ ಸಾವು. ದೆರ್ಸು ಹುಲ್ಲು ಕೊಯ್ಯತೊಡಗುತ್ತಾನೆ, ಕಪಿತಾನನಿಗೂ ಕೊಯ್ಯಲು ಹೇಳುತ್ತಾನೆ. ಮಾತಿಲ್ಲ. ಗಾಳಿಯ ಸದ್ದು, ಹುಲ್ಲು ಕತ್ತರಿಸುವ ಸದ್ದು, ಏದುಸಿರು. ಕಪಿತಾನ್ ಕುಸಿದು ಬೀಳುತ್ತಾನೆ, ದೆರ್ಸು ನಿಲ್ಲಿಸುವುದಿಲ್ಲ. ಕಣ್ಣು ಬಿಟ್ಟಾಗ ಬೆಳಗಾಗಿದೆ, ಅಧಿಕಾರಿ ಹುಲ್ಲಿನ ಗೂಡಿನೊಳಗೆ ಬೆಚ್ಚಗಿದ್ದಾನೆ. ಆ ಗೂಡಿಗೆ ಆಧಾರವಾಗಿ ನಿಂತದ್ದು ಸರ್ವೆ ಉಪಕರಣದ ಮುಕ್ಕಾಲಿ.

ಈ ಮುಕ್ಕಾಲಿಯನ್ನು ಹಿಡಿದವರು ನಮ್ಮಲ್ಲಿ ಒಬ್ಬರೇ, ಭೂಮಾಪನ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಚಿತ್ರ ಮುಗಿದ ಮೇಲೆ ಎಲ್ಲರಿಗಿಂತ ಕೊನೆಗೆ ಬಾಯಿಬಿಟ್ಟರು. ‘ಟ್ರೈಪಾಡಿಗೆ ನೀರು ತಾಗಬಾರದು ಅಂತ ನಾವು ಅಂಗಿ ಬಿಚ್ಚಿ ಹೊದಿಸ್ತಿದ್ವಿ. ಅವನು ಅದನ್ನೇ ಮನೆ ಮಾಡಿದ’ ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, ‘ನಾವು ಅಳೆದು ಬಂದ ಕಾಡಿಗೆ ನಾಲ್ಕೈದು ವರ್ಷಕ್ಕೆ ರಸ್ತೆ ಬರ್ತಿತ್ತು. ನಮಗೆ ದಾರಿ ತೋರಿಸಿದವರು ಆಮೇಲೆ ಅಲ್ಲಿ ಇರ್ತಿರಲಿಲ್ಲ’ ಎಂದರು.

ಇಡೀ ಚಿತ್ರ ಅವರ ಈ ಮಾತಿನಲ್ಲಿದೆ ಎಂದು ನನ್ನ ನಂಬಿಕೆ. ಮನುಷ್ಯ ಮತ್ತು ಪ್ರಕೃತಿಯ ಮಧುರ ಬಾಂಧವ್ಯದ ಚಿತ್ರ ಇದು ಎನ್ನುವವರೇ ಹೆಚ್ಚು. ನಾನೂ ಮೊದಲ ಸಲ ನೋಡಿದಾಗ ಹಾಗೇ ಅಂದುಕೊಂಡಿದ್ದೆ. ಈಗ ಕಾಣುವುದು ಬೇರೆ: ತಾನು ಪ್ರೀತಿಸಿದವನನ್ನು ತನ್ನ ಕೆಲಸದಿಂದಲೂ ತನ್ನ ಪ್ರೀತಿಯಿಂದಲೂ ಕೊಲ್ಲುವ ಒಬ್ಬ ಸಭ್ಯನ ಕಥೆ. ಅರ್ಸೆನ್ಯೆವ್‌ನಲ್ಲಿ ಎಳ್ಳಷ್ಟೂ ಕೇಡಿಲ್ಲ. ಕಣ್ಣು ಮಂಜಾಗಿ ಗುರಿ ತಪ್ಪತೊಡಗಿದ ಮುದುಕ, ಹುಲಿಗೆ ಗುಂಡು ಹಾರಿಸಿದ ಪಾಪಕ್ಕೆ ಕಾಡಿನ ದೈವ ಇನ್ನೊಂದು ಹುಲಿಯನ್ನು ಕಳಿಸುತ್ತದೆಂದು ನಡುಗುವಾಗ, ಅರ್ಸೆನ್ಯೆವ್ ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನೆ. ಖಬರೋವ್‌ಸ್ಕಿನ ಆ ಮನೆಯಲ್ಲಿ ಅನ್ನವಿದೆ, ಅಕ್ಕರೆಯ ಗೃಹಿಣಿಯಿದ್ದಾಳೆ, ಮುದುಕನ ಹಿಂದೆ ಮುಂದೆ ಸುತ್ತುವ ಮಗನಿದ್ದಾನೆ. ಆದರೆ ಪಟ್ಟಣದಲ್ಲಿ ನೀರಿಗೆ ಕಾಸು ಕೊಡಬೇಕು. ಬೀದಿಯಲ್ಲಿ ಡೇರೆ ಹಾಕುವಂತಿಲ್ಲ. ಪಾರ್ಕಿನ ಮರ ಕಡಿದರೆ ಪೊಲೀಸರು ಎಳೆದೊಯ್ಯುತ್ತಾರೆ. ಬೆಂಕಿ, ನೀರು, ಗಾಳಿ ಎಲ್ಲವನ್ನೂ ‘ಜನ’ ಎಂದೇ ಕರೆಯುತ್ತಿದ್ದವನಿಗೆ ಉಳಿದದ್ದು ಗೂಡೊಲೆಯ ಮುಂದೆ ಕೂತು ಒಳಗಿನ ಬೆಂಕಿಯನ್ನು ನೋಡುವುದಷ್ಟೆ. ಕಾಡಿಗೆ ಹಿಂದಿರುಗುತ್ತೇನೆ ಎಂದಾಗ ಗೆಳೆಯ ತಡೆಯುವುದಿಲ್ಲ, ಮಂಜುಗಣ್ಣಿಗೂ ಗುರಿ ಸಿಗಲೆಂದು ಹೊಸ ಬಂದೂಕು ಕೊಟ್ಟು ಕಳಿಸುತ್ತಾನೆ. ಆ ಬಂದೂಕಿನ ಆಸೆಗೇ ಯಾರೋ ದೆರ್ಸುವನ್ನು ಕೊಲ್ಲುತ್ತಾರೆ. ಹೆಣದ ಬಳಿ ಸಿಕ್ಕಿದ್ದು ಅರ್ಸೆನ್ಯೆವ್‌ನ ಕಾರ್ಡು.

ಒಬ್ಬ ಯುವತಿಯ ಆಕ್ಷೇಪ ಗಟ್ಟಿಯಾಗಿತ್ತು. ದೆರ್ಸು ಸಂತನಂತಿದ್ದಾನೆ, ಕಾಡಿನವರನ್ನು ಹೀಗೆ ಪೂಜೆಗಿಡುವುದೂ ಅವರನ್ನು ಮನುಷ್ಯರೆಂದು ಒಪ್ಪದಿರುವ ಒಂದು ಬಗೆ ಎಂದಳು. ಅರ್ಧ ಒಪ್ಪುತ್ತೇನೆ. ಗುಡಿಸಿಲಿನಲ್ಲಿ ಮುಂದೆ ಬರುವ ಅಪರಿಚಿತನಿಗಾಗಿ ಅಕ್ಕಿ, ಉಪ್ಪು, ಬೆಂಕಿಪೊಟ್ಟಣ ಇಡಿಸುವ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೂ ಇಷ್ಟ, ಆದರೆ ಅಲ್ಲಿ ಪಾಠ ಹೇಳುವ ಧ್ವನಿ ಸ್ವಲ್ಪ ಹೆಚ್ಚಾಯಿತು. ಅದಕ್ಕಿಂತ ನನ್ನಲ್ಲಿ ಉಳಿದದ್ದು ಸೀಸೆಯ ದೃಶ್ಯ. ಸೈನಿಕರು ಹಗ್ಗಕ್ಕೆ ಖಾಲಿ ಸೀಸೆ ಕಟ್ಟಿ ತೂಗಾಡಿಸಿ ಗುರಿಯಿಡುತ್ತಿರುತ್ತಾರೆ. ದೆರ್ಸುವಿಗೆ ಸೀಸೆ ಒಡೆಯಲು ಮನಸ್ಸಿಲ್ಲ, ಕಾಡಿನಲ್ಲಿ ಸೀಸೆ ಎಲ್ಲಿ ಸಿಗುತ್ತದೆ? ಹಗ್ಗಕ್ಕೆ ಹೊಡೆದು ಕೆಡವಿ ಸೀಸೆಯನ್ನು ತಾನೇ ಇಟ್ಟುಕೊಳ್ಳುತ್ತಾನೆ. ಇಲ್ಲಿರುವವನು ಸಂತನಲ್ಲ, ಲೆಕ್ಕ ಗೊತ್ತಿರುವ ಬಡವ. ಇನ್ನೊಂದು ವಿಷಯ: ಆ ಪಾತ್ರ ಮಾಡಿದ ಮಕ್ಸಿಮ್ ಮುಂಜುಕ್ ನಾನಾಯ್ ಅಲ್ಲ. ಮಂಗೋಲಿಯಾದ ಗಡಿಗಂಟಿದ ತುವಾ ಎಂಬ ಸೀಮೆಯಲ್ಲಿ ರಂಗಭೂಮಿ ಕಟ್ಟಿದವರಲ್ಲೊಬ್ಬ, ನಟ, ಹಾಡುಗಾರ. ‘ಎಲ್ಲಿಂದ ಹಿಡಿದು ತಂದರು ಇವನನ್ನು’ ಎಂದು ಕೇಳಿದವರು ಇದನ್ನು ಗಮನಿಸಬೇಕು.

ಕನ್ನಡದವರಿಗೆ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿಗೆ ಕಾಡು ತೋರಿಸುವ ಮಂದಣ್ಣ ನೆನಪಾಗದೆ ಇರುವುದಿಲ್ಲ, ಮೂರು ಮಂದಿ ಆ ಹೆಸರೆತ್ತಿದರು. ಹೋಲಿಕೆ ಸ್ವಲ್ಪ ದೂರ ಮಾತ್ರ ಬರುತ್ತದೆ. ಕರ್ವಾಲೊ ಹುಡುಕಿದ ಹಾರುವ ಓತಿ ಯಾರ ಕೈಗೂ ಸಿಗದೆ ತೇಲಿಹೋಗುತ್ತದೆ. ಅರ್ಸೆನ್ಯೆವ್ ಹುಡುಕಿದ್ದು ಸಿಕ್ಕಿತು, ನಕ್ಷೆ ಪೂರ್ತಿಯಾಯಿತು.

ನಕ್ಷೆಯ ಮುಂದಿನ ಕಥೆಯನ್ನು ಚಿತ್ರ ಹೇಳುವುದಿಲ್ಲ. ಅರ್ಸೆನ್ಯೆವ್ ಬರೆದುಕೊಂಡ ನದಿ, ಊರುಗಳಲ್ಲಿ ಎಷ್ಟೋ ಚೀನೀ ಮೂಲದ, ಬುಡಕಟ್ಟುಗಳ ಬಾಯಲ್ಲಿದ್ದ ಹೆಸರುಗಳಿದ್ದವು. 1969ರಲ್ಲಿ ಉಸ್ಸುರಿ ನದಿಯ ದ್ವೀಪವೊಂದಕ್ಕಾಗಿ ಚೀನಾ ಮತ್ತು ಸೋವಿಯತ್ ಸೈನಿಕರು ಗುಂಡು ಹಾರಿಸಿಕೊಂಡರು. ಆ ಘರ್ಷಣೆಯ ಬೆನ್ನಿಗೆ, 1972ರಲ್ಲಿ, ನಕ್ಷೆಯಲ್ಲಿದ್ದ ಆ ಹೆಸರುಗಳನ್ನು ಒಟ್ಟೊಟ್ಟಿಗೆ ಅಳಿಸಿ ರಷ್ಯನ್ ಹೆಸರಿಟ್ಟರು. ಇಮಾನ್ ನದಿ ಬೊಲ್ಶಾಯ ಉಸ್ಸುರ್ಕಾ ಆಯಿತು. ಕುರೊಸಾವಾ ಕ್ಯಾಮೆರಾ ಹೊತ್ತು ಬಂದದ್ದು ಇದಾದ ಎರಡು ವರ್ಷಕ್ಕೆ. ಅರ್ಸೆನ್ಯೆವ್ ಹೆಸರಿನ ಊರು ಈಗಲೂ ಇದೆ, ಹೆಲಿಕಾಪ್ಟರ್ ಕಾರ್ಖಾನೆಯ ಊರು.

ಎದ್ದು ಹೋದ ಆರೂ ಮಂದಿಗೆ ಒಂದು ವಿನಂತಿ. ಚಿತ್ರದ ಮೊದಲ ನಿಮಿಷಗಳನ್ನು ನೆನಪು ಮಾಡಿಕೊಳ್ಳಿ. ಇಸವಿ 1910. ಮರ ಕಡಿದು ಮನೆ ಏಳುತ್ತಿರುವ ಬಯಲಿನಲ್ಲಿ ಅರ್ಸೆನ್ಯೆವ್ ಒಂದು ಗೋರಿ ಹುಡುಕುತ್ತಿರುತ್ತಾನೆ. ಗುರುತಿಗಿದ್ದ ದೊಡ್ಡ ಮರಗಳಿಲ್ಲ, ಗೋರಿಯೂ ಸಿಗುವುದಿಲ್ಲ. ಆ ಗೋರಿ ತೋಡುವುದನ್ನು, ಅದರ ಮೇಲೆ ದೆರ್ಸುವಿನ ಊರುಗೋಲು ನೆಡುವುದನ್ನು ನೀವು ನೋಡಿಲ್ಲ. ಬರುವ ತಿಂಗಳ ಎರಡನೇ ಶನಿವಾರ, ಸಂಜೆ ಆರೂವರೆಗೆ, ಎರಡನೇ ಭಾಗವನ್ನಷ್ಟೇ ಮತ್ತೆ ಹಾಕುತ್ತೇವೆ. ಬನ್ನಿ. ಚಹಾ ಚಿತ್ರ ಮುಗಿದ ಮೇಲೆ.